ಇಲಿ ಅದಾವ ಅಂತ ಹೇಳಿದ ಪದ್ಮಾವತಿ

ಗೊರೇಬಾಳ, ಜವಳಗೇರಾ ಕಡೆ ಭತ್ತದ ಕೊಯ್ಲು ಮುಗಿದು ಗದ್ದೆ ಬಯಲಾಯಿತೆಂದರೆ ಸಿಂಧನೂರಿನ ಅಂಗಡಿಯವರಿಗೆ ತಲೆನೋವು ಶುರುವಾಗುತ್ತದೆ. ಗದ್ದೆಯಲ್ಲಿ ತಿಂದು ಕೊಬ್ಬಿದ ಇಲಿಗಳು ಕಾಳಿನ ವಾಸನೆ ಹಿಡಿದು ಊರೊಳಗೆ ಬರುತ್ತವೆ. ಆ ವರ್ಷ ಅವು ಲಕ್ಷ್ಮಣನ ಅಂಗಡಿಗೂ ಬಂದವು.

ಲಕ್ಷ್ಮಣ, ಅವನ ಹೆಂಡತಿ ಪದ್ಮಾವತಿ ಇಬ್ಬರೂ ಸೇರಿ ಮಸ್ಕಿ ರಸ್ತೆಯಲ್ಲಿ ಸಾಕುಪ್ರಾಣಿಗಳ ಅಂಗಡಿ ನಡೆಸುತ್ತಿದ್ದರು. ಲವ್ ಬರ್ಡ್ಸ್, ಪಾರಿವಾಳ, ಮೊಲ, ಬಣ್ಣದ ಮೀನು. ಒಂದು ಮೂಲೆಯಲ್ಲಿ ನವಣೆ ಚೀಲ, ಇನ್ನೊಂದು ಮೂಲೆಯಲ್ಲಿ ನಾಯಿಗೆ ಹಾಕುವ ತಿನಿಸಿನ ಚೀಲ. ಚೀಲಗಳ ಬಾಯಿ ಯಾವಾಗಲೂ ಅರ್ಧ ಬಿಚ್ಚಿಯೇ ಇರುತ್ತಿತ್ತು. ಹಿಂದಿನ ಗೋಡೆಗೆ ತಾಗಿ ಭತ್ತದ ಗೋದಾಮು.

ಒಂದು ಬೆಳಿಗ್ಗೆ ಪದ್ಮಾವತಿ ಶಟರ್ ಎತ್ತಿ ಒಳಗೆ ಬಂದಾಗ ಹಕ್ಕಿಗಳ ಗಲಾಟೆ ಇರಲಿಲ್ಲ. ದಿನಾ ಅವಳ ಹೆಜ್ಜೆ ಕೇಳಿದರೆ ಸಾಕು, ಎಲ್ಲವೂ ಚಿಲಿಪಿಲಿ ಹಚ್ಚುತ್ತಿದ್ದವು. ಅವತ್ತು ಪಂಜರದ ಮೇಲಿನ ಕೋಲಿನಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಕೆಳಗೆ ಎರಡು ಮರಿ ಸತ್ತು ಬಿದ್ದಿದ್ದವು. ಒಂದರ ಕಾಲು ಇರಲಿಲ್ಲ.

"ರೀ, ಇಲ್ಲಿ ಬರ್ರಿ. ಇಲಿ ಕಡದಾವ ನೋಡ್ರಿ."

ಲಕ್ಷ್ಮಣ ಬಂದು ನೋಡಿದ. ಮೊದಲು ಅವನು ಬಾಗಿಲ ಕಡೆ ತಿರುಗಿ, ಯಾರಾದರೂ ಗಿರಾಕಿ ನಿಂತಿದ್ದಾರೇನೋ ಎಂದು ಕಣ್ಣಾಡಿಸಿದ.

"ಮೆಲ್ಲಕ ಮಾತಾಡು. ಇಲಿ ಅದಾವ ಅಂತ ಒಬ್ಬರಿಗೆ ಗೊತ್ತಾದ್ರ ಸಾಕು, ಊರೆಲ್ಲಾ ಹಬ್ಬತೈತಿ. ರೋಗದ ಅಂಗಡಿ ಅಂತ ಹೆಸರು ಇಡ್ತಾರ."

"ಹಂಗಂತ ಸುಮ್ಮನ ಕೂಡೋದೇನು?"

"ಯಾರು ಸುಮ್ಮನ ಕೂಡ್ತೀನಿ ಅಂದ್ರು? ಔಷಧ ಹಾಕ್ತೀನಿ."

ಔಷಧ ಅಂದರೆ ಇಲಿ ಪಾಷಾಣ. ಪದ್ಮಾವತಿಗೆ ಅದು ಸರಿ ಕಾಣಲಿಲ್ಲ. "ಪಂಜರದಾಗ ಜೀವ ಅದಾವ ರೀ. ಅವು ತಿಂದಾವು" ಎಂದಳು. "ಪಂಜರ ಬಿಟ್ಟು ಅವು ಮೂಲಿಗಿ ಹೋಗಿ ತಿಂತಾವೇನು" ಎಂದು ಲಕ್ಷ್ಮಣ ನಕ್ಕುಬಿಟ್ಟ. ಸಂಜೆ ಶಟರ್ ಎಳೆಯುವ ಮುಂಚೆ ಮೂಲೆಮೂಲೆಗೆ ಪಾಷಾಣದ ತುಂಡು ಇಟ್ಟ.

ಮರುದಿನ ದೊಡ್ಡ ಬಿಳಿ ಮೊಲ ಸತ್ತಿತ್ತು. ಅದರ ಹುಲ್ಲಿನ ನಡುವೆ ಪಾಷಾಣದ ಅರ್ಧ ತುಂಡು ಸಿಕ್ಕಿತು. ಮೊಲ ಮೂಲೆಗೆ ಹೋಗಿರಲಿಲ್ಲ. ಇಲಿಯೇ ತುಂಡನ್ನು ಕಚ್ಚಿಕೊಂಡು ಬಂದು ಪಂಜರದೊಳಗೆ ಬಿಟ್ಟು ಹೋಗಿತ್ತು.

ಲಕ್ಷ್ಮಣನಿಗೆ ಸಿಟ್ಟು, ನಾಚಿಕೆ ಎರಡೂ. ಗಿರಾಕಿಗಳು ಬರುವ ಮುಂಚೆ ಎಲ್ಲ ಮುಗಿಸಬೇಕೆಂದು ಬರಿಗೈಯಲ್ಲೇ ಪಂಜರ ಬಳಿದು ಸ್ವಚ್ಛ ಮಾಡಿದ. ಒದ್ದೆ ಹುಲ್ಲು, ಇಲಿ ಹಿಕ್ಕೆ, ಎಲ್ಲ ಕೈಯಿಂದಲೇ ಎತ್ತಿ ಹಾಕಿದ. ಪಂಜರದ ತಂತಿ ತಾಗಿ ಅಂಗೈ ಕೊಯ್ದು ರಕ್ತ ಬಂತು. ಅಂಗಿಗೆ ಒರೆಸಿಕೊಂಡು ಕೆಲಸ ಮುಂದುವರಿಸಿದ.

ಪಕ್ಕದಲ್ಲಿ ಹುಸೇನ್‌ಸಾಬರ ಕಿರಾಣಿ ಅಂಗಡಿ. ಅವರು ಹೊರಗೆ ನಿಂತು, ಲಕ್ಷ್ಮಣ ತಂದಿಟ್ಟ ಕಸದ ಚೀಲ ನೋಡಿದರು.

"ಏನು ತಮ್ಮಾ, ಇಲಿ ಕಾಟ ಶುರು ಆಗೈತೇನು? ಹೋದ ವರ್ಷ ನನಗೂ ಸಾಕುಬೇಕು ಮಾಡಿದ್ವು. ಹೇಳು, ಇಬ್ಬರೂ ಕೂಡಿ ಏನರ ಮಾಡೋಣು."

"ಇಲ್ಲ ಚಾಚಾ. ಹಂಗೇನಿಲ್ಲ. ಹಳೇ ಹುಲ್ಲು ಒಗಿಯಾಕತ್ತೀನಿ" ಎಂದ ಲಕ್ಷ್ಮಣ.

ಅದೇ ದಿನ ಮಧ್ಯಾಹ್ನ ಮಸ್ಕಿಯಿಂದ ಶಿವಲಿಂಗಮ್ಮ ಬಂದರು. ಮಸ್ಕಿಯಲ್ಲಿ ಹೊಲಿಗೆ ಕೆಲಸ ಮಾಡುವ ಹಿರಿಯ ಹೆಂಗಸು. ಮೊಮ್ಮಗಳು ಐಶ್ವರ್ಯಳಿಗೆ ಮೊಲ ಬೇಕಂತೆ, ಊಟ ಬಿಟ್ಟು ಹಟ ಹಿಡಿದಿದ್ದಾಳಂತೆ. ಸತ್ತ ಮೊಲದ ಪಕ್ಕದ ಪಂಜರದಲ್ಲಿದ್ದ ಒಂದು ಜೋಡಿ ಅವರಿಗೆ ಹಿಡಿಸಿತು.

"ಆರೋಗ್ಯ ಅದಾವಲ್ಲಪಾ?"

"ಗಟ್ಟಿ ಅದಾವ ತಗೋರಿ" ಎಂದ ಲಕ್ಷ್ಮಣ.

ಪದ್ಮಾವತಿ ಆ ಪಂಜರದ ತಟ್ಟೆಯಲ್ಲಿ ಇಲಿ ಹಿಕ್ಕೆ ನೋಡಿದ್ದಳು. ಹೇಳಬೇಕೆಂದು ಬಾಯಿ ತೆರೆದಳು. ಗಂಡ ಕಣ್ಣಲ್ಲೇ ಬೇಡ ಎಂದ. ಶಿವಲಿಂಗಮ್ಮ ಮೊಲದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕೂತು ಹೋದರು. ಆಟೋ ತಿರುವು ದಾಟುವ ತನಕ ಪದ್ಮಾವತಿ ಬಾಗಿಲಲ್ಲೇ ನಿಂತಿದ್ದಳು.

ಮುಂದಿನ ವಾರ ಲಕ್ಷ್ಮಣನಿಗೆ ಜ್ವರ ಬಂತು. ಸಣ್ಣಪುಟ್ಟದ್ದಲ್ಲ. ಎರಡು ರಗ್ಗು ಹೊದ್ದರೂ ನಡುಕ ನಿಲ್ಲಲಿಲ್ಲ. ಬಡಾವಣೆಯ ಒಬ್ಬ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಕೇಳಿದರು, "ಏನು ಕೆಲಸ ಮಾಡ್ತೀರಿ? ಮನೆ ಕಡೆ, ಅಂಗಡಿ ಕಡೆ ಸೊಳ್ಳೆ, ಇಲಿ ಏನಾದ್ರೂ ಅದಾವೇನು?"

ಹೊರಗಿನ ಬೆಂಚಿನ ಮೇಲೆ ಪರಿಚಯದ ಗಿರಾಕಿಯೊಬ್ಬ ಕೂತಿದ್ದ. ಬಾಗಿಲಿಗೆ ಪರದೆ ಮಾತ್ರ ಇತ್ತು.

"ಸಣ್ಣ ಅಂಗಡಿ ಐತ್ರಿ. ಸ್ವಚ್ಛ ಇಟ್ಟೀವ್ರಿ. ಇಲಿ ಗಿಲಿ ಏನಿಲ್ರಿ" ಎಂದ ಲಕ್ಷ್ಮಣ.

ಡಾಕ್ಟರು ಜ್ವರದ ಗುಳಿಗೆ ಬರೆದುಕೊಟ್ಟರು. ಕಡಿಮೆ ಆಗದಿದ್ದರೆ ತಡ ಮಾಡದೆ ಬನ್ನಿ, ರಕ್ತ ತಪಾಸಣೆ ಮಾಡೋಣ ಎಂದೂ ಹೇಳಿದರು. ಜ್ವರ ಕಡಿಮೆಯಾಗಲಿಲ್ಲ. ಲಕ್ಷ್ಮಣ ತಿರುಗಿ ಹೋಗಲೂ ಇಲ್ಲ. "ನಾಳಿಗಿ ಬಿಡತೈತಿ" ಎನ್ನುತ್ತಲೇ ಮಲಗಿದ.

ಆಮೇಲೆ ಅವನ ಕಾಲಿನ ಮೀನಖಂಡಗಳು ಹಿಡಿದುಕೊಂಡವು. ಮುಟ್ಟಿದರೆ ಸಾಕು ಚೀರುತ್ತಿದ್ದ. ಕಣ್ಣು ಕೆಂಡದಂತೆ ಕೆಂಪಾದವು. ಒಂದು ಬೆಳಿಗ್ಗೆ ಪದ್ಮಾವತಿ ಗಂಜಿ ಕುಡಿಸಲು ಅವನ ತಲೆ ಎತ್ತಿದಾಗ ಬಿಸಿಲು ಮುಖದ ಮೇಲೆ ಬಿತ್ತು. ಕಣ್ಣಿನ ಅಂಚು ಹಳದಿಗೆ ತಿರುಗಿತ್ತು.

"ನಿನ್ನಿಯಿಂದ ಉಚ್ಚಿ ಸರಿಯಾಗಿ ಆಗಿಲ್ಲ" ಎಂದ ಅವನು.

ಪದ್ಮಾವತಿ ಗಂಜಿ ಬಟ್ಟಲು ಕೆಳಗಿಟ್ಟಳು. ಅವಳ ಜೊತೆ ಶಾಲೆ ಓದಿದ ಸಂಘಮಿತ್ರಾ ಲಿಂಗಸೂಗೂರಿನಲ್ಲಿ ನರ್ಸ್ ಆಗಿದ್ದಳು. ಪದ್ಮಾವತಿ ಫೋನ್ ಹಚ್ಚಿ ಗಂಡನ ಜ್ವರದ ವಿಷಯ ಹೇಳಿದಳು. ಆ ಕಡೆಯಿಂದ ಒಂದೇ ಪ್ರಶ್ನೆ ಬಂತು.

"ಪದ್ಮಾ, ಅಂಗಡ್ಯಾಗ ಇಲಿ ಅದಾವೇನು?"

ಹಾಸಿಗೆಯ ಮೇಲಿಂದ ಲಕ್ಷ್ಮಣ ಕೈ ಅಲ್ಲಾಡಿಸಿದ. ಹೇಳಬೇಡ ಎಂದು. ಆ ಕೈಯಲ್ಲಿ ಅಂಗೈ ಕೊಯ್ದ ಗಾಯದ ಗುರುತು ಇನ್ನೂ ಇತ್ತು. ಪದ್ಮಾವತಿ ಅದನ್ನೇ ನೋಡುತ್ತ ನಿಂತಳು.

"ಅದಾವ" ಎಂದಳು. "ಬಾಳ ಅದಾವ. ಇವರು ಬರಿಗೈಲೆ ಬಳದಾರ."

"ಹಂಗಾದ್ರ ಈಗಿಂದೀಗ ದೊಡ್ಡ ದವಾಖಾನಿಗಿ ಕರಕೊಂಡು ಹೋಗು. ಇದು ಇಲಿ ಜ್ವರ ಇರಬೌದು. ಡಾಕ್ಟರಿಗಿ ನನಗ ಹೇಳಿದಂಗ ಹೇಳು. ಒಂದು ಮಾತೂ ಮುಚ್ಚಿಡಬ್ಯಾಡ."

ಪದ್ಮಾವತಿ ಕರೆದ ಕೂಡಲೇ ಹುಸೇನ್‌ಸಾಬರು ಬಂದು, ತಮ್ಮ ಪರಿಚಯದ ಆಟೋ ಕರೆಸಿ, ಲಕ್ಷ್ಮಣನನ್ನು ತೋಳು ಹಿಡಿದು ಹತ್ತಿಸಿದರು. ಏನಾಗಿದೆ ಎಂದು ಕೇಳಲಿಲ್ಲ.

ದವಾಖಾನೆ ಜನರಿಂದ ತುಂಬಿತ್ತು. ಚೀಟಿ ಮಾಡಿಸುವ ಸಾಲಿನಲ್ಲಿ ಪದ್ಮಾವತಿಯ ಹಿಂದೆಯೇ, ಅವರ ಅಂಗಡಿಯಿಂದ ಮೀನು ಒಯ್ಯುವ ಯಂಕೋಬ ಎಂಬಾತ ನಿಂತಿದ್ದ. "ಏನಕ್ಕಾ, ಅಣ್ಣಗ ಆರಾಮಿಲ್ಲೇನು?" ಎಂದ. ಒಳಗೆ ಹೋದಾಗಲೂ ಅವನು ಒಂದು ಕೈ ಅಂತರದಲ್ಲೇ ಇದ್ದ. ಡಾಕ್ಟರಮ್ಮ ಲಕ್ಷ್ಮಣನ ಕಣ್ಣು ಬಿಡಿಸಿ ನೋಡಿದರು, ಕಾಲು ಒತ್ತಿ ನೋಡಿದರು.

"ಎಷ್ಟು ದಿನದಿಂದ ಜ್ವರ? ಏನು ಕೆಲಸ?"

ಲಕ್ಷ್ಮಣ ತಡವರಿಸಿದ. ಪದ್ಮಾವತಿಗೆ ಯಂಕೋಬ ಕೇಳುತ್ತಾನೆ ಎಂಬುದು ಗೊತ್ತಿತ್ತು. ನಾಳೆ ಯಾರೂ ಅಂಗಡಿಗೆ ಕಾಲಿಡಲಿಕ್ಕಿಲ್ಲ ಎಂಬುದೂ ಗೊತ್ತಿತ್ತು. ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು.

"ನಮ್ಮದು ಮೊಲ, ಹಕ್ಕಿ ಮಾರೋ ಅಂಗಡಿ ರೀ ಮೇಡಂ. ಅಂಗಡ್ಯಾಗ ಇಲಿ ಹೊಕ್ಕಾವ. ಅವುಗಳ ಹೊಲಸು ಇವರು ಬರಿಗೈಲೆ ಬಳದ್ರು. ಕೈಯಾಗ ಗಾಯ ಇತ್ತು. ಆಮ್ಯಾಲ ಜ್ವರ ಬಂತು."

ಡಾಕ್ಟರಮ್ಮ ತಲೆ ಎತ್ತಿ ಅವಳನ್ನು ನೋಡಿದರು. "ಹೇಳಿದ್ದು ಬಹಳ ಒಳ್ಳೇದಾಯ್ತು" ಎಂದು ಕೂಡಲೇ ನರ್ಸನ್ನು ಕರೆದರು. ರಕ್ತ ತೆಗೆದರು. ವರದಿಗೆ ಕಾಯದೆ ಇಂಜೆಕ್ಷನ್ ಶುರು ಮಾಡಿದರು.

ಆ ಹಗಲು, ಮರುದಿನದ ಹಗಲು ಪದ್ಮಾವತಿಗೆ ಯುಗದಂತೆ ಕಳೆದವು. ಕಿಡ್ನಿಗೆ ಪೆಟ್ಟು ಬಿದ್ದಿದೆ, ಮೂತ್ರ ಬಿಟ್ಟರೆ ಪಾರು, ಇಲ್ಲದಿದ್ದರೆ ರಾಯಚೂರಿಗೆ ಒಯ್ಯಬೇಕಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅವಳು ಮಂಚದ ಕೆಳಗೆ ತೂಗುಹಾಕಿದ್ದ ಮೂತ್ರದ ಪ್ಲಾಸ್ಟಿಕ್ ಚೀಲವನ್ನೇ ನೋಡುತ್ತ ಕೂತಳು. ಯಾರೋ ಚಹಾ ತಂದುಕೊಟ್ಟರು, ಅದು ಆರಿಹೋಯಿತು. ಮರುದಿನ ಮಧ್ಯಾಹ್ನದ ಮೇಲೆ ಚೀಲ ತುಂಬತೊಡಗಿತು. ನರ್ಸ್ ನೋಡಿ, "ಇನ್ನ ಹೆದರಬ್ಯಾಡ್ರಿ ಅಕ್ಕಾ" ಎಂದಾಗ ಪದ್ಮಾವತಿ ಗೋಡೆಗೆ ಒರಗಿ ಅತ್ತುಬಿಟ್ಟಳು.

ಸಂಘಮಿತ್ರಾ ರಜೆ ಹಾಕಿ ಲಿಂಗಸೂಗೂರಿನಿಂದ ಬಂದಳು. ಲಕ್ಷ್ಮಣ ಎದ್ದು ದಿಂಬಿಗೆ ಒರಗಿ ಕೂತಿದ್ದ. ರಕ್ತದ ವರದಿಯೂ ಇಲಿ ಜ್ವರ ಎಂದೇ ಬಂದಿತ್ತು.

"ಇಲಿ ನನಗ ಕಡದಿಲ್ಲ ತಂಗಿ. ಹೆಂಗ ಬಂತು ಇದು?" ಎಂದು ಅವನು ಕೇಳಿದ.

"ಕಡಿಯೋದೇ ಬೇಕಿಲ್ಲ ಅಣ್ಣಾ. ಇಲಿ ಉಚ್ಚಿಯೊಳಗ ಈ ರೋಗದ ಕ್ರಿಮಿ ಇರತೈತಿ. ಹಸಿ ಇದ್ದ ಜಾಗದಾಗ ಬಾಳ ದಿನ ಬದುಕತೈತಿ. ನಿಮ್ಮ ಕೈಯಾಗ ಗಾಯ ಇತ್ತು, ಅಲ್ಲಿಂದ ಒಳಗ ಹೋಗೈತಿ. ಕಾಲಿನ ಬಿರುಕಿನಾಗಿಂದ, ಕಣ್ಣು ಬಾಯಿಂದನೂ ಹೋಗಬೌದು. ಲಗೂನ ಬಂದ್ರ ಔಷಧಕ್ಕ ಬಗ್ಗತೈತಿ. ನೀವು ತಡ ಮಾಡಿದ್ರಿ."

"ಮೊದಲ ಡಾಕ್ಟ್ರು ಕೇಳಿದ್ರು. ನಾನ ಇಲ್ಲ ಅಂದೆ" ಎಂದು ಲಕ್ಷ್ಮಣ ಮುಖ ತಿರುಗಿಸಿದ.

ಸಂಘಮಿತ್ರಾ ಕೇಳಿದಳು, "ಇಲಿ ಬಂದ ಮ್ಯಾಲೆ ಅಂಗಡಿಯಿಂದ ಯಾರರ ಏನರ ಒಯ್ದಾರೇನು? ಇಲಿ ಮುಟ್ಟಿದ ಕಾಳು ತಿಂದು, ನೀರು ಕುಡಿದು ಮೊಲಕ್ಕೂ ರೋಗ ಹತ್ತಬೌದು. ಅದರಿಂದ ಮನಿ ಮಂದಿಗೂ."

ಪದ್ಮಾವತಿ ಗಂಡನ ಕಡೆ ನೋಡಿದಳು. ಮಸ್ಕಿಯ ಶಿವಲಿಂಗಮ್ಮ. ಆ ಹುಡುಗಿ.

"ಅವರಿಗಿ ಹೇಳಿದ್ರ ನಮ್ಮನ್ನ ಉಳಸ್ತಾರೇನು? ಅಂಗಡಿ ಮುಚ್ಚಬೇಕಾಗತೈತಿ" ಎಂದ ಲಕ್ಷ್ಮಣ. ದನಿಯಲ್ಲಿ ಬಲವಿರಲಿಲ್ಲ.

"ಮುಚ್ಚಿದ್ರ ಮುಚ್ಚಲಿ" ಎಂದಳು ಪದ್ಮಾವತಿ. "ನೀವು ಮಂಚದ ಮ್ಯಾಲೆ ಬಿದ್ದಿದ್ದನ್ನ ನಾ ನೋಡೀನಿ. ಆ ಕೂಸಿಗಿ ಹಿಂಗಾದ್ರ ನಂಗ ಅನ್ನ ಇಳಿಯಂಗಿಲ್ಲ."

ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಅವಳು ಸಂಘಮಿತ್ರಾಳ ಜೊತೆ ಮಸ್ಕಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಗೆ ಮಾತು ತೆಗೆಯಬೇಕೆಂದು ಯೋಚಿಸುತ್ತಲೇ ಇದ್ದಳು. ಶಿವಲಿಂಗಮ್ಮನವರ ಮನೆ ವಿಚಾರಿಸಿಕೊಂಡು ಹೋಗಿ ಬಾಗಿಲ ಮುಂದೆ ನಿಂತಾಗ ಯೋಚಿಸಿದ ಮಾತೆಲ್ಲ ಮರೆತುಹೋಯಿತು. ಪಡಸಾಲೆಯಲ್ಲಿ ಚಾಪೆಯ ಮೇಲೆ ಐಶ್ವರ್ಯ ಮಲಗಿದ್ದಳು. ಹಣೆಯ ಮೇಲೆ ಒದ್ದೆ ಬಟ್ಟೆ.

"ನಿನ್ನೆಯಿಂದ ಮೈ ಸುಡಾಕತ್ತೈತಿ" ಎಂದರು ಶಿವಲಿಂಗಮ್ಮ. "ನೀವ್ಯಾಕ ಬಂದ್ರಿ ಇಷ್ಟು ದೂರ?"

ಪದ್ಮಾವತಿ ಹೊಸ್ತಿಲಲ್ಲೇ ಕೂತಳು. "ದೊಡ್ಡಮ್ಮ, ನಾವು ನಿಮಗ ಸುಳ್ಳು ಹೇಳೀವಿ. ಅಂಗಡ್ಯಾಗ ಇಲಿ ಇದ್ವು. ಮೊಲದ ಪಂಜರದಾಗೂ ಅಡ್ಡಾಡ್ಯಾವ. ನಮ್ಮನ್ಯಾವರು ಇಲಿ ಜ್ವರದಾಗ ಸಾಯಂಗಾಗಿ ಉಳದಾರ. ಕೂಸಿನ್ನ ಈಗ ದವಾಖಾನಿಗಿ ತೋರಸ್ರಿ. ನಾನೂ ಬರ್ತೀನಿ."

ಶಿವಲಿಂಗಮ್ಮನವರ ಮುಖ ಕಪ್ಪಿಟ್ಟಿತು. ಮೊಮ್ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. ದವಾಖಾನೆಯಲ್ಲಿ ಸಂಘಮಿತ್ರಾಳೇ ಡಾಕ್ಟರಿಗೆ ಮೊಲದ ವಿಷಯ, ಇಲಿಯ ವಿಷಯ ಹೇಳಿದಳು. ರಕ್ತ ತೆಗೆದು ಔಷಧ ಕೊಟ್ಟರು. ಕಾಯುವಾಗ ಶಿವಲಿಂಗಮ್ಮ ಬೆಂಚಿನ ಆ ತುದಿಗೆ, ಪದ್ಮಾವತಿ ಈ ತುದಿಗೆ.

"ಅವತ್ತ ನೀ ಬಾಯಿ ತಗದಿದ್ದಿ. ನಾ ನೋಡೀನಿ" ಎಂದರು ಶಿವಲಿಂಗಮ್ಮ. "ಅವತ್ತ ಹೇಳಿದ್ರ ಏನಾಗ್ತಿತ್ತು?"

"ತಪ್ಪಾತು" ಎಂದಳು ಪದ್ಮಾವತಿ.

ವರದಿ ಬಂದಾಗ ಐಶ್ವರ್ಯಳಿಗೆ ಇಲಿ ಜ್ವರ ಇರಲಿಲ್ಲ. ನೆಗಡಿಯ ಜ್ವರ, ಕೆಲವೇ ದಿನದಲ್ಲಿ ಇಳಿಯಿತು. ಆದರೂ ಇನ್ನೂ ಕೆಲವು ವಾರ ಜ್ವರ ಬರುತ್ತದೆಯೇ ಎಂದು ಕಣ್ಣಿಡಲು ಡಾಕ್ಟರು ಹೇಳಿದರು. ಮೊಲಗಳನ್ನು ಶಿವಲಿಂಗಮ್ಮ ಬುಟ್ಟಿ ಸಮೇತ ವಾಪಸ್ ಕಳಿಸಿದರು. ಪಶು ವೈದ್ಯರು ಅವನ್ನು ತಪಾಸಣೆ ಮಾಡಿ, ಬೇರೆಯಾಗಿ ಇಟ್ಟು ಔಷಧ ಕೊಡಲು ಹೇಳಿದರು.

ಮನೆಗೆ ಬಂದ ಲಕ್ಷ್ಮಣ ಮೊದಲು ಮಾಡಿದ ಕೆಲಸ, ಹುಸೇನ್‌ಸಾಬರ ಅಂಗಡಿಗೆ ಹೋದದ್ದು.

"ಚಾಚಾ, ನೀವು ಕೇಳಿದಾಗ ಇಲ್ಲ ಅಂದಿದ್ದೆ. ಅದಾವ. ಏನು ಮಾಡಬೇಕು ಹೇಳ್ರಿ."

"ನನಗ ಗೊತ್ತಿತ್ತಪಾ" ಎಂದರು ಹುಸೇನ್‌ಸಾಬರು. "ನಿನ್ನ ಗ್ವಾಡಿ, ನನ್ನ ಗ್ವಾಡಿ ಒಂದ. ನಿನ್ನಲ್ಲಿ ಇದ್ರ ನನ್ನಲ್ಲಿ ಇಲ್ಲದಂಗ ಇರ್ತಾವೇನು? ಒಬ್ಬ ಓಡಿಸಿದ್ರ ಇನ್ನೊಬ್ಬನ ಮನ್ಯಾಗ ಹೊಕ್ಕತಾವ. ಗೋದಾಮಿನವರನ್ನೂ ಕರಿಯೋಣು."

ಅಂಗಡಿ ಕೆಲವು ದಿನ ಮುಚ್ಚಿತು. ಹಕ್ಕಿ, ಮೊಲಗಳನ್ನು ಮನೆಯ ಹಿತ್ತಲ ಶೆಡ್ಡಿಗೆ ಸಾಗಿಸಿದರು. ಬ್ಲೀಚಿಂಗ್ ಪೌಡರ್ ಘಾಟು ಹಕ್ಕಿಗಳಿಗೆ ಆಗುವುದಿಲ್ಲ ಎಂದು ಸಂಘಮಿತ್ರಾ ಮೊದಲೇ ಎಚ್ಚರಿಸಿದ್ದಳು. ಪದ್ಮಾವತಿ ಪೊರಕೆ ಹಿಡಿದಾಗ ಅವಳೇ ತಡೆದಳು.

"ಒಣ ಹಿಕ್ಕಿ ಕಸಬರಿಗಿಲೆ ಬಳಿಬ್ಯಾಡ. ಧೂಳು ಎದ್ದು ಮೂಗಿನಾಗ ಹೋಗತೈತಿ. ಬಾಗಿಲಾ ತಗದು ಗಾಳಿ ಆಡಲಿ. ಮೊದಲ ಬ್ಲೀಚಿಂಗ್ ನೀರು ಹಾಕು, ಸ್ವಲ್ಪೊತ್ತು ನೆನಿಲಿ, ಆಮ್ಯಾಲ ಬಟ್ಟಿಲೆ ಒರಸಿ ತಗಿ. ಕೈಗಿ ರಬ್ಬರ್ ಗ್ಲೌಸು, ಕಾಲಿಗಿ ಬೂಟು ಬೇಕ ಬೇಕು."

ಮೂಲೆಗಳಲ್ಲಿ ಉಳಿದಿದ್ದ ಪಾಷಾಣವನ್ನೆಲ್ಲ ಹುಡುಕಿ ತೆಗೆದರು. ಹಿಂದಿನ ಗೋಡೆಯಲ್ಲಿ ಪೈಪು ಹಾದುಹೋದ ಕಡೆ ಒಂದು ತೂತು. ಹೆಬ್ಬೆರಳು ಹಿಡಿಯುವಷ್ಟೇ ಇತ್ತು. "ಇದರಾಗ ಇಲಿ ಬರತೈತೇನು?" ಎಂದು ಲಕ್ಷ್ಮಣ ನಂಬಲಿಲ್ಲ. ಹುಸೇನ್‌ಸಾಬರು ಟಾರ್ಚು ಬಿಟ್ಟು ತೋರಿಸಿದರು. ತೂತಿನ ಅಂಚು ಇಲಿ ಮೈ ಉಜ್ಜಿ ಉಜ್ಜಿ ಎಣ್ಣೆ ಸವರಿದಂತೆ ಕಪ್ಪಾಗಿತ್ತು. ಅಂಥ ತೂತುಗಳಿಗೆಲ್ಲ ಕಬ್ಬಿಣದ ಜಾಲರಿ ತುರುಕಿ ಸಿಮೆಂಟು ಮೆತ್ತಿದರು. ಶಟರಿನ ಕೆಳಗಿನ ಸಂದಿಗೆ ತಗಡಿನ ಪಟ್ಟಿ ಹೊಡೆದರು. ನವಣೆ, ನಾಯಿ ತಿನಿಸು ಎಲ್ಲ ಮುಚ್ಚಳದ ಕಬ್ಬಿಣದ ಡಬ್ಬಿಗಳಿಗೆ ಹೋಯಿತು. ಪಂಜರಗಳು ನೆಲದಿಂದ ಮೇಲೆ, ಗೋಡೆಯಿಂದ ದೂರ, ಸ್ಟ್ಯಾಂಡಿನ ಮೇಲೆ ಏರಿದವು. ಸಂಜೆ ಉಳಿದ ಕಾಳು ತೆಗೆಯುವುದು, ಬಟ್ಟಲು ತೊಳೆದು ಬೆಳಿಗ್ಗೆ ಹೊಸ ನೀರು ಹಾಕುವುದು ದಿನದ ಕೆಲಸವಾಯಿತು. ಗೋಡೆಯ ಹಿಂದೆ, ಪ್ರಾಣಿಗಳಿಗೂ ಮಕ್ಕಳಿಗೂ ಕೈ ಸಿಗದ ಜಾಗದಲ್ಲಿ ಇಲಿ ಬೋನು ಇಟ್ಟರು. ಗೋದಾಮಿನವರೂ ತಮ್ಮ ಕಡೆಯ ಬಿಲ ಮುಚ್ಚಿಸಿದರು.

ಅಂಗಡಿ ತೆರೆದರೂ ಗಿರಾಕಿ ಬರಲಿಲ್ಲ. ಯಂಕೋಬ ಕೇಳಿದ ಮಾತು ಊರಿಗೆಲ್ಲ ಹಬ್ಬಿತ್ತು. ಲಕ್ಷ್ಮಣ ಖಾಲಿ ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದ. ಆದರೆ ಹೆಂಡತಿಯನ್ನು ಒಂದು ಮಾತೂ ಅನ್ನಲಿಲ್ಲ. ಕೆಲವು ದಿನದ ಮೇಲೆ ಯಂಕೋಬನೇ ಬಂದ, ಡಬ್ಬಿ ತೆರೆದು ನೋಡಿದ, ಮೀನಿನ ಕಾಳು ಒಯ್ದ. ಆಮೇಲೆ ಒಬ್ಬೊಬ್ಬರಾಗಿ ಬಂದರು.

ಬೇಸಿಗೆ ಹೊತ್ತಿಗೆ ಒಂದು ದಿನ ಶಿವಲಿಂಗಮ್ಮ ಮೊಮ್ಮಗಳ ಕೈ ಹಿಡಿದು ಬಂದು ನಿಂತರು. ಪದ್ಮಾವತಿ ಎದ್ದು ನಿಂತಳು. ಶಿವಲಿಂಗಮ್ಮ ಕೂರಲಿಲ್ಲ. ಸ್ಟ್ಯಾಂಡಿನ ಕೆಳಗೆ ಬಗ್ಗಿ ನೋಡಿದರು, ಡಬ್ಬಿಯ ಮುಚ್ಚಳ ಒತ್ತಿ ನೋಡಿದರು, ಗೋಡೆಗೆ ಮೆತ್ತಿದ ಸಿಮೆಂಟಿನ ಮೇಲೆ ಬೆರಳಾಡಿಸಿದರು. ಆಮೇಲೆ ಲಕ್ಷ್ಮಣನನ್ನು ಕೇಳಿದರು.

"ಈಗ ಇಲಿ ಅದಾವೇನಪಾ?"

ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ಲಕ್ಷ್ಮಣ ಬಾಗಿಲ ಕಡೆ ನೋಡಲಿಲ್ಲ.

"ನಿನ್ನೆ ಹಿಂದಿನ ಬೋನಿನಾಗ ಒಂದು ಬಿದ್ದಿತ್ತು ಅಮ್ಮಾ. ಒಳಗ ಬಂದಿಲ್ಲ. ದಿನಾ ನೋಡ್ತೀವಿ."

ಶಿವಲಿಂಗಮ್ಮ ಅವನ ಮುಖವನ್ನೇ ನೋಡಿದರು. "ಒಂದೂ ಇಲ್ಲ ಅಂದಿದ್ರ ಹಂಗ ತಿರುಗಿ ಹೋಗ್ತಿದ್ದೆ" ಎಂದು ಕುರ್ಚಿ ಎಳೆದುಕೊಂಡು ಕೂತರು. ಐಶ್ವರ್ಯ ಆಗಲೇ ಮೊಲದ ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು.

"ಮುಟ್ಟಿದ ಮ್ಯಾಲೆ ಸಾಬೂನ ಹಚ್ಚಿ ಕೈ ತೊಳಿಬೇಕವ್ವಾ" ಎಂದು ಪದ್ಮಾವತಿ ಅವಳ ಪಕ್ಕದಲ್ಲಿ ಕೂತಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವು ಹಕ್ಕಿ, ಮೊಲ ಮಾರುವವರಿರಲಿ, ಮನೆಯಲ್ಲಿ ಸಾಕುವವರಿರಲಿ, ಇವತ್ತೇ ಒಮ್ಮೆ ಪಂಜರದ ಕೆಳಗೆ, ಕಾಳಿನ ಚೀಲದ ಹಿಂದೆ ಬಗ್ಗಿ ನೋಡಿ. ಹಿಕ್ಕೆ ಕಂಡರೆ ಬರಿಗೈ ಹಾಕಬೇಡಿ. ಪ್ರಾಣಿಗಳಿದ್ದ ಕಡೆ ಪಾಷಾಣ ಇಡಬೇಡಿ. ತೂತು ಮುಚ್ಚಿ, ಕಾಳು ಮುಚ್ಚಿ, ಪಕ್ಕದವರನ್ನೂ ಕರೆದು ಕೂಡಿ ಮಾಡಿ. ಇಲಿ ಓಡಾಡಿದ ಕಡೆ ಕೆಲಸ ಮಾಡಿದವರಿಗೆ ಜ್ವರ ಬಂದು, ಮೀನಖಂಡ ನೋಯುತ್ತಿದ್ದರೆ, ಕಣ್ಣು ಕೆಂಪಾದರೆ ನಾಳೆ ಎನ್ನಬೇಡಿ, ಕೂಡಲೇ ದವಾಖಾನೆಗೆ ಹೋಗಿ. ಡಾಕ್ಟರು ಕೇಳುವ ತನಕ ಕಾಯದೆ, ನಮ್ಮಲ್ಲಿ ಇಲಿ ಇವೆ ಎಂದು ನೀವೇ ಮೊದಲು ಹೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.